ಎಸೆಯುವ ತಟ್ಟೆಯ ಲೆಕ್ಕ: ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಅಡುಗೆಮನೆಗಳಿಗೆ ಒಂದು ಬಹಿರಂಗ ಪತ್ರ

ಪ್ರಿಯ ದರ್ಶಿನಿ ಮಾಲೀಕರೆ, ಮೆಸ್ ನಡೆಸುವ ಅಕ್ಕಂದಿರೆ, ತಿಂಡಿ ಗಾಡಿಯ ಅಣ್ಣಂದಿರೆ, ಪಿ.ಜಿ.ಗಳ ಅಡುಗೆ ಭಟ್ಟರೆ,



ಆರು ಗಂಟೆಯ ಶಿಫ್ಟ್‌ಗೆ ಓಡುವವನಿಗೆ ಐದೂವರೆಗೇ ಚಿತ್ರಾನ್ನ ಹಾಕಿಕೊಡುವವರು ನೀವು. ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಮಧ್ಯಾಹ್ನದ ಅರ್ಧ ಗಂಟೆಯೊಳಗೆ ಮುದ್ದೆ, ಸೊಪ್ಪಿನ ಸಾರು ಬಡಿಸುವವರು ನೀವು. ರಾತ್ರಿ ಪಾಳಿ ಮುಗಿಸಿ ಬರುವ ಐ.ಟಿ. ಹುಡುಗರಿಗೂ, ಅವರ ಕಂಪನಿಯ ಗೇಟು ಕಾಯುವ ಸೆಕ್ಯುರಿಟಿಯವರಿಗೂ ಒಂದೇ ಒಲೆಯಿಂದ ಇಡ್ಲಿ ಇಳಿಸುವವರೂ ನೀವೇ. ಪೀಣ್ಯದ ಶೆಡ್ಡೊಂದರಲ್ಲಿ ದುಡಿದ ವರ್ಷಗಳಲ್ಲಿ ನಾನು ನಿಮ್ಮ ಕೈ ಊಟ ಉಂಡೇ ಬದುಕಿದವನು. ಈಗ ಕಾಡುಗೋಡಿ ಕಡೆ ಮನೆ, ತಿಂಡಿ ಇಂದಿಗೂ ನಿಮ್ಮಲ್ಲೇ. ಆ ಋಣದ ಸಲಿಗೆಯಿಂದ ಈ ಪತ್ರ ಬರೆಯುತ್ತಿದ್ದೇನೆ.

ಪರಿಸರ ಎಂದ ಕೂಡಲೇ ನಿಮ್ಮಲ್ಲಿ ಹಲವರಿಗೆ ಭಯವಾಗುತ್ತದೆ. ದಂಡ ಹಾಕುವ ಆರೋಗ್ಯ ನಿರೀಕ್ಷಕರು ನೆನಪಾಗುತ್ತಾರೆ. ಇಲ್ಲವೇ ಸೋಲಾರ್, ದುಬಾರಿ ಯಂತ್ರ, ದೊಡ್ಡ ಹೋಟೆಲ್‌ಗಳ ಹಸಿರು ಪ್ರಮಾಣಪತ್ರ ಕಣ್ಣ ಮುಂದೆ ಬರುತ್ತವೆ. ನಾನು ಕೇಳುವುದು ಅದಾವುದನ್ನೂ ಅಲ್ಲ. ಉಂಡು ಎಸೆಯುವ ತಟ್ಟೆ ಲೋಟ ಬಿಟ್ಟು, ತೊಳೆದು ಮತ್ತೆ ಬಳಸುವ ಸ್ಟೀಲ್ ತಟ್ಟೆ ಲೋಟಕ್ಕೆ ಮರಳಿ. ಒಬ್ಬೊಬ್ಬರಿಂದ ಆಗದಿದ್ದರೆ ಬೀದಿಯವರೆಲ್ಲ ಸೇರಿ ಮಾಡಿ. ಉಳಿದ ಎಷ್ಟೋ ಸಂಗತಿಗಳು, ಕಸ, ನೀರು, ಉಳಿಕೆ ಅನ್ನ, ಇದರ ಬೆನ್ನಿಗೇ ಸರಿಹೋಗುತ್ತವೆ ಎಂಬುದು ನನ್ನ ನಂಬಿಕೆ.

ಹೀಗೆ ಹೇಳಲು ಕಾರಣವಿದೆ. ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಊಟದ ಮೇಜಿನ ಮೇಲೆ ಹಾಸುವ ಪ್ಲಾಸ್ಟಿಕ್ ಹಾಳೆಯನ್ನೂ ಸೇರಿಸಿ ನಿಷೇಧಿಸಿದ್ದು 2016ರ ಮಾರ್ಚ್‌ನಲ್ಲಿ. ಕೇಂದ್ರ ಸರ್ಕಾರದ ಏಕಬಳಕೆ ಪ್ಲಾಸ್ಟಿಕ್ ನಿಷೇಧ ಜಾರಿಗೆ ಬಂದದ್ದು 2022ರ ಜುಲೈ 1ರಂದು. ಆದರೂ ಇಂದು ಲಗ್ಗೆರೆಯಿಂದ ಜಾಲಹಳ್ಳಿ ಕ್ರಾಸ್‌ವರೆಗೆ, ಹೂಡಿಯಿಂದ ಕುಂದಲಹಳ್ಳಿಯವರೆಗೆ, ನೀಲಾದ್ರಿ ರಸ್ತೆಯ ಉದ್ದಕ್ಕೂ ನಡೆದು ನೋಡಿ. ಸ್ಟೀಲ್ ತಟ್ಟೆಯ ಮೇಲೊಂದು ತೆಳು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಹೊಗೆಯಾಡುವ ಅನ್ನ, ಅದರ ಮೇಲೆ ಕುದಿಯುವ ಸಾರು. ಗಿರಾಕಿ ಎದ್ದ ಮೇಲೆ ಹಾಳೆ ಮಡಚಿ ಡ್ರಮ್ಮಿಗೆ ಎಸೆದರೆ ತಟ್ಟೆ ತೊಳೆಯುವ ಕೆಲಸವಿಲ್ಲ. 2025ರ ಫೆಬ್ರುವರಿಯಲ್ಲಿ ಆಹಾರ ಸುರಕ್ಷತಾ ಇಲಾಖೆಯವರು ರಾಜ್ಯದಲ್ಲಿ ತಪಾಸಣೆ ನಡೆಸಿದಾಗ ಐವತ್ತಕ್ಕೂ ಹೆಚ್ಚು ಹೋಟೆಲ್‌ಗಳಲ್ಲಿ ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸುತ್ತಿದ್ದುದು ಕಂಡುಬಂತು. ಬಟ್ಟೆ ಒಗೆಯುವ ಶ್ರಮ ತಪ್ಪಿಸಲು ಹುಟ್ಟಿಕೊಂಡ ರೂಢಿ ಅದು. ಇದಕ್ಕಾಗಿ ನಿಮ್ಮನ್ನು ಬೈಯುವುದು ನನ್ನ ಉದ್ದೇಶವಲ್ಲ. ನೀರಿನ ನಲ್ಲಿಯಿಲ್ಲದ, ಚರಂಡಿಯಿಲ್ಲದ, ತೊಳೆಯಲು ಆಳಿಲ್ಲದ ಜಾಗದಲ್ಲಿ ನಿಂತು ನೂರಾರು ಜನಕ್ಕೆ ಬಡಿಸುವವರಿಗೆ ಆ ಹಾಳೆ ಏಕೆ ಬೇಕಾಯಿತು ಎಂಬುದು ನನಗೆ ಗೊತ್ತು.

ನಿಷೇಧಕ್ಕೆ ಹೆದರಿದವರು ಏನು ಮಾಡಿದರು? ಪ್ಲಾಸ್ಟಿಕ್ ಬಿಟ್ಟು ಪೇಪರ್ ಲೋಟ, ಪೇಪರ್ ಪ್ಲೇಟ್ ತಂದರು. ಆದರೆ ಬಿಸಿ ಟೀ ಹಿಡಿದಿಟ್ಟುಕೊಳ್ಳುವ ಪೇಪರ್ ಲೋಟದ ಒಳಗೆ ಸಾಮಾನ್ಯವಾಗಿ ತೆಳುವಾದ ಪ್ಲಾಸ್ಟಿಕ್ ಲೇಪನ ಇರುತ್ತದೆ, ಇಲ್ಲದಿದ್ದರೆ ಅದು ನೆನೆದು ಸೋರುತ್ತದೆ. ಖರಗ್‌ಪುರದ ಐ.ಐ.ಟಿ.ಯವರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಂಥ ಲೋಟದಲ್ಲಿ 100 ಮಿಲಿ ಲೀಟರ್ ಬಿಸಿ ದ್ರವ 15 ನಿಮಿಷ ಇದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅದರೊಳಗೆ ಸೇರುತ್ತವೆ. ಆ ಲೋಟ ಗೊಬ್ಬರವೂ ಆಗುವುದಿಲ್ಲ, ರದ್ದಿಗೂ ಹೋಗುವುದಿಲ್ಲ. ಇನ್ನು ಕೆಲವರು ಅಡಿಕೆ ಹಾಳೆ ತಟ್ಟೆ ತಂದರು. ಮಲೆನಾಡಿನ, ಕರಾವಳಿಯ ರೈತರಿಗೆ ಅದರಿಂದ ನಾಲ್ಕು ಕಾಸು ಬರುತ್ತದೆ, ಮಣ್ಣಿಗೆ ಬಿದ್ದರೆ ಕೊಳೆಯುತ್ತದೆ, ಒಳ್ಳೆಯದೇ. ಆದರೆ ದಿನವೂ ನೂರಾರು ಊಟ ಹಾಕುವ ಮೆಸ್‌ಗೆ ಅದರ ಬೆಲೆ ತಡೆಯದು. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಡಿಕೆಯಲ್ಲಿರುವ ಆಲ್ಕಲಾಯ್ಡ್‌ಗಳು ಊಟಕ್ಕೆ ಇಳಿಯಬಹುದೆಂಬ ಕಾರಣಕ್ಕೆ ಈ ತಟ್ಟೆಗಳ ಆಮದಿಗೂ ತಡೆ ಹಾಕಿತು. ಮನೆಯ ಪೂಜೆಗೋ ಊರಿನ ಅನ್ನಸಂತರ್ಪಣೆಗೋ ಬಾಳೆಎಲೆ, ಮುತ್ತುಗದ ಎಲೆ, ಹಾಳೆ ತಟ್ಟೆ ಇರಲಿ. ವರ್ಷವಿಡೀ ನಡೆಯುವ ವ್ಯಾಪಾರಕ್ಕೆ ಒಂದು ಎಸೆತದ ಜಾಗಕ್ಕೆ ಇನ್ನೊಂದು ಎಸೆತವನ್ನು ತಂದು ಕೂರಿಸಿದರೆ ಖರ್ಚು ಹೆಚ್ಚುತ್ತದೆ, ಕಸದ ಗಾತ್ರ ಹಾಗೇ ಉಳಿಯುತ್ತದೆ.

"ನೀರೆಲ್ಲಿದೆ ಸ್ವಾಮಿ, ತೊಳೆಯೋಕೆ?" ಎಂದು ನೀವು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. 2024ರ ಬೇಸಿಗೆಯಲ್ಲಿ ಮಹದೇವಪುರ ಭಾಗದ ಕೊಳವೆಬಾವಿಗಳು ಬತ್ತಿ, ಟ್ಯಾಂಕರ್‌ಗಾಗಿ ಜನ ರಾತ್ರಿಯೆಲ್ಲ ಕಾದದ್ದನ್ನು ಯಾರೂ ಮರೆತಿಲ್ಲ. ನಗರದ ಸುಮಾರು 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900ರಷ್ಟು ಬತ್ತಿವೆ ಎಂದು ಸರ್ಕಾರವೇ ಹೇಳಿತ್ತು. ಆಗ ಎಷ್ಟೋ ಹೋಟೆಲ್‌ನವರು ನೀರು ಉಳಿಸಲೆಂದೇ ಎಸೆಯುವ ತಟ್ಟೆಯತ್ತ ಹೊರಳಿದರು. ಮಳೆ ಬಂತು, ಅಕ್ಟೋಬರ್‌ನಲ್ಲಿ ಕಾವೇರಿ ನೀರಿನ ಯೋಜನೆಯ ಐದನೇ ಹಂತವೂ ಬಂತು. ಎಸೆಯುವ ತಟ್ಟೆ ಮಾತ್ರ ಹಾಗೇ ಉಳಿಯಿತು.

ಹಾಗಾಗಿ ಲೆಕ್ಕ ಹಾಕೋಣ, ಕೈಯಲ್ಲಿ ಪೆನ್ನು ಹಿಡಿದು. ಬರದ ಆ ಮಾರ್ಚ್‌ನಲ್ಲಿ ಜಿಲ್ಲಾಡಳಿತ ನಿಗದಿ ಮಾಡಿದ ದರದಂತೆ, ಹತ್ತು ಕಿಲೋಮೀಟರ್‌ವರೆಗಿನ ದೂರಕ್ಕೆ 12,000 ಲೀಟರ್ ಟ್ಯಾಂಕರ್‌ಗೆ 1,200 ರೂಪಾಯಿ. ಅಂದರೆ ಲೀಟರಿಗೆ 10 ಪೈಸೆ. ಯಾರೂ ಆ ದರಕ್ಕೆ ಕೊಡಲಿಲ್ಲ ಎನ್ನುವಿರಾದರೆ ಎರಡು ಪಟ್ಟು ಎಂದಿಟ್ಟುಕೊಳ್ಳಿ, 20 ಪೈಸೆ. ನಲ್ಲಿ ಬಿಟ್ಟುಕೊಂಡು ತೊಳೆದರೆ ಒಂದು ತಟ್ಟೆಗೆ ಐದು ಲೀಟರ್ ಹರಿದುಹೋಗಬಹುದು, ಆಗಲೂ ಖರ್ಚು 1 ರೂಪಾಯಿ. ಎಂಜಲನ್ನು ಮೊದಲು ಚೆನ್ನಾಗಿ ಕೆರೆದು ತೆಗೆದು, ಒಂದು ಟಬ್‌ನಲ್ಲಿ ಸೋಪಿನ ನೀರು, ಎರಡನೆಯದರಲ್ಲಿ ತೊಳೆಯುವ ನೀರು, ಮೂರನೆಯದರಲ್ಲಿ ಬಿಸಿ ನೀರು ಇಟ್ಟು ಅದ್ದಿ ತೆಗೆದರೆ ಎರಡು ಲೀಟರ್ ಸಾಕು, 40 ಪೈಸೆ. ನೀವು ಕೊಳ್ಳುವ ಎಸೆಯುವ ತಟ್ಟೆ ಎಷ್ಟಕ್ಕೆ ಬೀಳುತ್ತದೆ? 2 ರೂಪಾಯಿ ಎಂದೇ ಹಿಡಿಯಿರಿ. ದಿನಕ್ಕೆ 300 ತಟ್ಟೆ, ತಿಂಗಳಿಗೆ 26 ದಿನ: 15,600 ರೂಪಾಯಿ ಡ್ರಮ್ಮಿಗೆ ಹೋಗುತ್ತಿದೆ. ಅದೇ 7,800 ತಟ್ಟೆ ತೊಳೆಯಲು ಬರಗಾಲದ ಟ್ಯಾಂಕರ್ ನೀರಿಗೇ ತಗಲುವುದು 3,120 ರೂಪಾಯಿ. ಉಳಿದ 12,480 ರೂಪಾಯಿಯಲ್ಲಿ ಸೋಪಿನ ಖರ್ಚು ಕಳೆದು, ತೊಳೆಯುವವರ ಸಂಬಳದ ದೊಡ್ಡ ಪಾಲು ಬರುತ್ತದೆ. ಹೇಗಿದ್ದರೂ ಪಾತ್ರೆ ತೊಳೆಯಲು ನಿಮ್ಮಲ್ಲಿ ಒಬ್ಬರು ಇದ್ದೇ ಇರುತ್ತಾರೆ. ಟೀ ಲೋಟ ಸೇರಿಸಿದರೆ ಲೆಕ್ಕ ಇನ್ನೂ ನಿಮ್ಮ ಕಡೆ ವಾಲುತ್ತದೆ.

1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದಾಗ ಅದರ ವ್ಯಾಪಾರವೆಲ್ಲ ನಿಂತಿದ್ದು ವೇಗ, ಕಡಿಮೆ ಬೆಲೆಯ ಮೇಲೆ. ನಿಂತು ತಿನ್ನು, ತಟ್ಟೆಯನ್ನು ನೀನೇ ತಂದು ಇಡು. ಬೆಂಗಳೂರಿನ ಮೂಲೆಮೂಲೆಗೆ ಹಬ್ಬಿದ ದರ್ಶಿನಿಗಳು ಅದೇ ಸ್ಟೀಲ್ ತಟ್ಟೆಯಲ್ಲಿ ದಿನಕ್ಕೆ ಸಾವಿರಾರು ಜನಕ್ಕೆ ಕೊಟ್ಟುಕೊಂಡು ಬಂದಿವೆ. ಸ್ಟೀಲ್ ತಟ್ಟೆಯಿಂದ ವ್ಯಾಪಾರ ನಿಧಾನವಾಗುತ್ತದೆ ಎನ್ನುವವರಿಗೆ ನಮ್ಮ ಊರೇ ಉತ್ತರ.

ದಿನಕ್ಕೆ ನೂರು ತಟ್ಟೆಯೂ ದಾಟದ ತಳ್ಳುಗಾಡಿಯವರಿಗೆ ಈ ಲೆಕ್ಕ ಒಗ್ಗುವುದಿಲ್ಲ, ಒಪ್ಪುತ್ತೇನೆ. ತೊಳೆಯಲು ಬೇರೆ ಆಳು ಇಡಲಾಗದು. ತೊಳೆದ ನೀರನ್ನು ರಸ್ತೆಗೆ ಚೆಲ್ಲಿದರೆ ಪಕ್ಕದ ಅಂಗಡಿಯವರು ಜಗಳಕ್ಕೆ ಬರುತ್ತಾರೆ. ಒಂದೇ ಬಕೆಟ್ ನೀರಿನಲ್ಲಿ ಬೆಳಗಿನಿಂದ ಸಂಜೆವರೆಗೆ ಅದ್ದಿ ತೆಗೆದ ತಟ್ಟೆಗಿಂತ ಪೇಪರ್ ತಟ್ಟೆಯೇ ಮೇಲು ಎಂದು ಗಿರಾಕಿ ಹೇಳಿದರೆ ಅವನದು ತಪ್ಪೂ ಅಲ್ಲ. ಇಲ್ಲಿಯೇ ನನ್ನದೊಂದು ಪ್ರಸ್ತಾಪವಿದೆ. ಮದುವೆಗೆ ಶಾಮಿಯಾನ ಅಂಗಡಿಯಿಂದ ಪಾತ್ರೆ, ತಟ್ಟೆ ಬಾಡಿಗೆಗೆ ತರುವುದು ನಮಗೆ ಹೊಸದಲ್ಲ. ಬೆಂಗಳೂರಿನ ಅದಮ್ಯ ಚೇತನ ಸಂಸ್ಥೆ ಸಮಾರಂಭಗಳಿಗೆ ಸ್ಟೀಲ್ ತಟ್ಟೆ ಲೋಟಗಳನ್ನು ಎರವಲು ಕೊಡುವ ತಟ್ಟೆ ಬ್ಯಾಂಕ್ ನಡೆಸಿ, ಅದು ಆಗುವ ಕೆಲಸವೆಂದು ತೋರಿಸಿದೆ. ಅದನ್ನೇ ದಿನನಿತ್ಯದ ವ್ಯಾಪಾರಕ್ಕೆ ತನ್ನಿ. ಹತ್ತು ಹದಿನೈದು ಗಾಡಿಗಳಿರುವ ಕಡೆ ಒಂದು ಚಿಕ್ಕ ತೊಳೆಯುವ ಶೆಡ್. ಅದಕ್ಕೆ ಜಲಮಂಡಳಿಯ ನೀರು, ಒಳಚರಂಡಿ ಸಂಪರ್ಕ, ಜಿಡ್ಡು ತಡೆಯುವ ತೊಟ್ಟಿ. ಬೆಳಿಗ್ಗೆ ಎಣಿಸಿ ತಟ್ಟೆ ಕೊಡುವುದು, ಸಂಜೆ ಎಣಿಸಿ ವಾಪಸ್ ಪಡೆಯುವುದು, ತಟ್ಟೆಗೆ ಇಷ್ಟು ಪೈಸೆ ಎಂದು ಬಾಡಿಗೆ. ಅಲ್ಲಿ ಇಬ್ಬರು ಮೂವರಿಗೆ ಉದ್ಯೋಗವೂ ಆಗುತ್ತದೆ. ಪೀಣ್ಯದವರಿಗಂತೂ ಟಬ್ಬು, ಸ್ಟ್ಯಾಂಡು, ಬಿಸಿ ನೀರಿನ ಡ್ರಮ್ಮು ಮಾಡಿಸಲು ದೂರ ಹೋಗಬೇಕಿಲ್ಲ, ಮಧ್ಯಾಹ್ನ ನಿಮ್ಮಲ್ಲಿ ಉಣ್ಣಲು ಬರುವ ವೆಲ್ಡರ್‌ಗಳೇ ಮಾಡಿಕೊಡುತ್ತಾರೆ. ಜಾಗ ಕೊಡಿ ಎಂದು ಪೀಣ್ಯ ಕೈಗಾರಿಕಾ ಸಂಘವನ್ನು, ಎಲೆಕ್ಟ್ರಾನಿಕ್ ಸಿಟಿಯ ಟೌನ್‌ಷಿಪ್ ಪ್ರಾಧಿಕಾರವನ್ನು, ವೈಟ್‌ಫೀಲ್ಡ್‌ನ ಟೆಕ್ ಪಾರ್ಕ್‌ಗಳನ್ನು ಕೇಳಿ. ಅವರ ಕೆಲಸಗಾರರಿಗೆ ದಿನವೂ ಊಟ ಹಾಕುವವರು ಕೇಳುತ್ತಿದ್ದೀರಿ, ಸಂಕೋಚ ಬೇಡ.

ಪಾರ್ಸೆಲ್‌ಗೆ ಸುಲಭ ದಾರಿಯೊಂದಿದೆ. ಸ್ವಂತ ಡಬ್ಬಿ ತಂದವರಿಗೆ ಐದು ರೂಪಾಯಿ ಕಡಿಮೆ ಎಂದು ಗಲ್ಲಾದ ಮುಂದೆ ಬರೆದು ಹಾಕಿ. ದಿನವೂ ಬರುವವರು ತರುತ್ತಾರೆ. ಬಿಸಿ ಸಾಂಬಾರನ್ನು ಪ್ಲಾಸ್ಟಿಕ್ ಕವರ್‌ಗೆ ಕಟ್ಟುವುದನ್ನು ಮಾತ್ರ ಇವತ್ತೇ ನಿಲ್ಲಿಸಿ. ಬೋಂಡ, ವಡೆಯನ್ನು ನ್ಯೂಸ್‌ಪೇಪರ್‌ನಲ್ಲಿ ಸುತ್ತುವುದನ್ನೂ. ಅಚ್ಚಿನ ಶಾಯಿಯಲ್ಲಿ ಸೀಸದಂಥ ವಿಷ ಇರುತ್ತದೆ, ಬಿಸಿ ಎಣ್ಣೆಗೆ ಅದು ಇಳಿಯುತ್ತದೆ ಎಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2016ರಿಂದಲೂ ಎಚ್ಚರಿಸುತ್ತಿದೆ.

ತಟ್ಟೆಯ ಮಾತನ್ನು ಇಷ್ಟು ಹಿಗ್ಗಿಸಲು ಇನ್ನೊಂದು ಕಾರಣ ಮಂಡೂರು. ವೈಟ್‌ಫೀಲ್ಡ್‌ನವರಿಗೆ ಅದು ಪಕ್ಕದ ಊರು, ಹಳೇ ಮದ್ರಾಸ್ ರಸ್ತೆಯಿಂದ ಒಳಗೆ. ಬೆಂಗಳೂರಿನ ಕಸ ವರ್ಷಗಟ್ಟಲೆ ಅಲ್ಲಿಗೆ ಲಾರಿಗಳಲ್ಲಿ ಹೋಯಿತು. 2012ರಲ್ಲಿ ಮಾವಳ್ಳಿಪುರದ ಕಸದ ಹೊಂಡ ಮುಚ್ಚಿದ ಮೇಲೆ ಭಾರವೆಲ್ಲ ಮಂಡೂರಿನ ಮೇಲೆ ಬಿತ್ತು. ಬಾವಿ ನೀರು ಕೆಟ್ಟಿತು, ನೊಣ ಮುತ್ತಿದವು, ನೆಂಟರು ಬರುವುದನ್ನು ಬಿಟ್ಟರು. 2014ರಲ್ಲಿ ಊರವರು ರಸ್ತೆಗಿಳಿದು ಲಾರಿಗಳನ್ನು ತಡೆದ ಮೇಲೆ, ಆ ವರ್ಷದ ನವೆಂಬರ್ ಕೊನೆಗೆ ಕಸ ಸುರಿಯುವುದು ನಿಂತಿತು. ಆ ಗುಡ್ಡದಲ್ಲಿ ನಾರುತ್ತಿದ್ದದ್ದು ಏನು? ಅನ್ನ, ಸಾರು, ತರಕಾರಿ ಸಿಪ್ಪೆ. ಪ್ಲಾಸ್ಟಿಕ್ ತಾನಾಗಿ ನಾರುವುದಿಲ್ಲ. ಅನ್ನವನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಕಳಿಸಿದರೆ, ಗಾಳಿಯಾಡದೆ ಕೊಳೆತು ಮೀಥೇನ್ ಆಗುತ್ತದೆ, ಕಪ್ಪು ರಸ ಇಳಿದು ಅಂತರ್ಜಲಕ್ಕೆ ಸೇರುತ್ತದೆ. ಹಸಿ, ಒಣ ಕಸ ಬೇರ್ಪಡಿಸಿ ಕೊಡಿ ಎಂದು ಹೈಕೋರ್ಟ್ 2015ರ ಡಿಸೆಂಬರ್‌ನಲ್ಲಿ ಎರಡು ಡಬ್ಬ, ಒಂದು ಚೀಲದ ಪದ್ಧತಿಯನ್ನು ಕಡ್ಡಾಯ ಮಾಡಿತು. ಇಂದು ಕಸ ಹೋಗುತ್ತಿರುವುದು ಬೇರೆ ಹಳ್ಳಿಗಳ ಕಲ್ಲು ಕ್ವಾರಿಗಳಿಗೆ. ಅಲ್ಲಿಯೂ ಮನೆಗಳಿವೆ, ಮಕ್ಕಳಿದ್ದಾರೆ.

ತಟ್ಟೆ ಸ್ಟೀಲ್ ಆದ ದಿನ ನಿಮ್ಮ ಡ್ರಮ್ಮಿನಲ್ಲಿ ಉಳಿಯುವುದು ಬರೀ ಮುಸುರೆ. ಅದಕ್ಕೆ ಬೇಡಿಕೆಯಿದೆ. ಹಂದಿ ಸಾಕುವವರು ಬಂದು ಒಯ್ಯುತ್ತಾರೆ, ತರಕಾರಿ ಸಿಪ್ಪೆಯನ್ನು ಹಸು ಕಟ್ಟಿದವರು ಕೇಳುತ್ತಾರೆ, ಉಳಿದದ್ದು ಗೊಬ್ಬರಕ್ಕೋ ಬಯೋಗ್ಯಾಸ್‌ಗೋ ಹೋಗಬಲ್ಲದು. ಎಲೆಕ್ಟ್ರಾನಿಕ್ ಸಿಟಿ ರಸ್ತೆಗೆ ಹತ್ತಿರದ ಕೂಡ್ಲುವಿನಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ 1975ರಲ್ಲಿ ಹುಟ್ಟಿದ್ದೇ ನಗರದ ಕಸವನ್ನು ಗೊಬ್ಬರ ಮಾಡಲು. ಬಾಟಲಿ, ಡಬ್ಬಿ, ರಟ್ಟಿನ ಪೆಟ್ಟಿಗೆಯನ್ನು ಒಣಗಿಸಿ ಇಟ್ಟರೆ ಹಸಿರು ದಳದಂಥ ಸಂಸ್ಥೆಗಳ ಜೊತೆಗಿರುವ ಚಿಂದಿ ಆಯುವವರ ಬದುಕಿಗೆ ಅದೇ ಆದಾಯ. ಒಂದೇ ಒಂದು ಪ್ಲಾಸ್ಟಿಕ್ ಹಾಳೆ ಮುಸುರೆಯೊಳಗೆ ಸೇರಿದರೆ ಈ ದಾರಿಗಳೆಲ್ಲ ಮುಚ್ಚಿಹೋಗುತ್ತವೆ. 2025ರ ಏಪ್ರಿಲ್‌ನಿಂದ ಕಸಕ್ಕೆ ಬಳಕೆದಾರರ ಶುಲ್ಕವೂ ಬಂದಿದೆ, ಕಡಿಮೆ ಕಸವೆಂದರೆ ಕಡಿಮೆ ಖರ್ಚು ಎಂಬುದು ಇನ್ನು ಬಾಯಿಮಾತಲ್ಲ.

ಮುಸುರೆ ಮಾರಬಹುದೆಂದು ಅನ್ನ ಉಳಿಸುವುದು ಬೇಡ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ ಪೋಲಾದ ಆಹಾರ 105 ಕೋಟಿ ಟನ್, ಅದರಲ್ಲಿ 29 ಕೋಟಿ ಟನ್ ಹೋಟೆಲ್, ಕ್ಯಾಂಟೀನ್‌ಗಳಂಥ ಕಡೆಯದು. ನಿಮ್ಮ ಪಾಲು ಚಿಕ್ಕದು, ಆದರೆ ಅಕ್ಕಿ ನೀವು ದುಡ್ಡು ಕೊಟ್ಟು ತಂದದ್ದು. ವೈಟ್‌ಫೀಲ್ಡ್‌ನಲ್ಲಿ ಸೋಮವಾರ, ಶುಕ್ರವಾರ ಹಲವರು ಮನೆಯಿಂದಲೇ ಕೆಲಸ ಮಾಡುತ್ತಾರೆ, ಮಂಗಳವಾರದಿಂದ ಗುರುವಾರದವರೆಗೆ ನೂಕುನುಗ್ಗಲು. ಪೀಣ್ಯದಲ್ಲಿ ಆರ್ಡರ್ ಇಲ್ಲದ ತಿಂಗಳು ಓವರ್‌ಟೈಮ್ ನಿಂತರೆ ರಾತ್ರಿ ಊಟಕ್ಕೆ ಜನವೇ ಇರುವುದಿಲ್ಲ. ಭಟ್ಟರ ಅಂದಾಜಿನ ಮೇಲೆ ಬಿಡದೆ, ಯಾವ ದಿನ ಎಷ್ಟು ಬೆಂದಿತು, ಎಷ್ಟು ಉಳಿಯಿತು ಎಂದು ಗಲ್ಲಾ ಪುಸ್ತಕದಲ್ಲೇ ಒಂದು ಸಾಲು ಬರೆಯಿರಿ. ಇಡೀ ಅಕ್ಕಿಯನ್ನು ಒಂದೇ ಸಲ ಬೇಯಿಸದೆ ಎರಡು ಮೂರು ಕಂತಿನಲ್ಲಿ ಇಡಿ. ಅರ್ಧ ಊಟಕ್ಕೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಬೆಲೆ ಇಟ್ಟರೆ ನಿಮಗೂ ನಷ್ಟವಿಲ್ಲ, ಕಡಿಮೆ ಉಣ್ಣುವ ಹೆಣ್ಣುಮಕ್ಕಳಿಗೂ ತಟ್ಟೆಯಲ್ಲಿ ಬಿಡುವ ಸಂಕಟವಿಲ್ಲ. 

ತೊಳೆದ ನೀರು ಎಲ್ಲಿಗೆ ಹೋಗುತ್ತದೆಂದು ತಿಳಿದಿರುವುದು ಒಳ್ಳೆಯದು. ಪೀಣ್ಯದ ಚರಂಡಿಗಳು ಬಹುಪಾಲು ವೃಷಭಾವತಿಗೆ ಇಳಿಯುತ್ತವೆ, ಅಲ್ಲಿಂದ ಬೈರಮಂಗಲ ಕೆರೆ, ಅರ್ಕಾವತಿ, ಕೊನೆಗೆ ಕಾವೇರಿ. ಬೈರಮಂಗಲದ ರೈತರು ಅದೇ ನೀರಿನಲ್ಲಿ ಬೆಳೆ ತೆಗೆಯುತ್ತಾರೆ. ವೈಟ್‌ಫೀಲ್ಡ್ ಕಡೆಯವರಿಗೆ ವರ್ತೂರು ಕೆರೆಯ ನೊರೆ ಹೇಳಿಕೊಡಬೇಕಿಲ್ಲ, 2015ರಲ್ಲಿ ಅದು ಹಾರಿಬಂದು ರಸ್ತೆಯ ಮೇಲೆಲ್ಲ ಬಿದ್ದಿತ್ತು. ಸಂಸ್ಕರಿಸದ ಒಳಚರಂಡಿ ನೀರಿನ ಜೊತೆ ಸೋಪಿನ ಪುಡಿಯೂ ಅದರಲ್ಲಿನ ಫಾಸ್ಫೇಟೂ ಅದಕ್ಕೆ ಕಾರಣವೆನ್ನಲಾಗಿತ್ತು. ಆದ್ದರಿಂದ ಫಾಸ್ಫೇಟ್ ಇಲ್ಲದ ಸೋಪು ಕೇಳಿ ತನ್ನಿ, ಎಂಜಲು ಜಿಡ್ಡನ್ನು ಕೆರೆದು ತೆಗೆಯದೆ ನೀರಿಗೆ ಬಿಡಬೇಡಿ. ನಲ್ಲಿಗೆ ನೀರು ಉಳಿಸುವ ಏರೇಟರ್ ಹಾಕಿಸಿ, 2024ರಲ್ಲಿ ಜಲಮಂಡಳಿ ಹೋಟೆಲ್‌ಗಳಿಗೆ ಅದನ್ನು ಕಡ್ಡಾಯವೇ ಮಾಡಿತ್ತು. ಪೀಣ್ಯದವರಿಗೆ ಇನ್ನೊಂದು ಮಾತು: ಎಲೆಕ್ಟ್ರೋಪ್ಲೇಟಿಂಗ್ ಘಟಕಗಳಿಂದಾಗಿ ನಿಮ್ಮ ಭಾಗದ ಅಂತರ್ಜಲದಲ್ಲಿ ಕ್ರೋಮಿಯಂ ವಿಷ ಸೇರಿದೆ. ಕುದಿಸಿದರೆ ಅದು ಹೋಗುವುದಿಲ್ಲ. ಕೊಳವೆಬಾವಿ ನೀರನ್ನು ಪರೀಕ್ಷೆ ಮಾಡಿಸದೆ ಅಡುಗೆಗಾಗಲಿ, ತಟ್ಟೆಯ ಕೊನೆಯ ತೊಳೆತಕ್ಕಾಗಲಿ ಬಳಸಬೇಡಿ.

ಎಣ್ಣೆಯ ವಿಷಯ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಹುಟ್ಟುವ ಪೋಲಾರ್ ಸಂಯುಕ್ತಗಳು ಶೇ 25 ದಾಟಬಾರದೆಂದು 2018ರಿಂದ ನಿಯಮವಿದೆ. ಕರಿದು ಕಪ್ಪಾದ ಎಣ್ಣೆಯನ್ನು ಕೊಂಡು ಬಯೋಡೀಸೆಲ್ ಮಾಡುವ ಅಧಿಕೃತ ಸಂಗ್ರಾಹಕರಿದ್ದಾರೆ, ಅವರಿಗೇ ಕೊಡಿ. ಮೋರಿಗೆ ಸುರಿದರೆ ಕೊಳವೆ ಕಟ್ಟುತ್ತದೆ, ಅಗ್ಗಕ್ಕೆ ಸಿಗುತ್ತದೆಂದು ಇನ್ನೊಂದು ಗಾಡಿಗೆ ಹೋದರೆ ಅದನ್ನು ತಿನ್ನುವವರು ನಮ್ಮಂಥವರೇ. ಗ್ಯಾಸ್ ಉಳಿಸುವ ಬಗೆಯನ್ನು ನಿಮಗೆ ನಾನು ಕಲಿಸಬೇಕಿಲ್ಲ. ಬೇಳೆ ನೆನೆಹಾಕುವುದು, ಪಾತ್ರೆಗೆ ಮುಚ್ಚಳ, ಬರ್ನರ್ ಶುಚಿ, ನೀಲಿ ಉರಿ, ಇವು ನಿಮ್ಮ ಕೈಗೆ ರೂಢಿಯಾದ ಕೆಲಸಗಳೇ.

ಈಗ ನನ್ನ ಕೋರಿಕೆ. ಬರುವ ವಾರ ಯಾವುದಾದರೂ ಒಂದು ದಿನ ಮೂರು ಡ್ರಮ್ ಇಡಿ: ಎಸೆಯುವ ತಟ್ಟೆ ಲೋಟ ಹಾಳೆಗೊಂದು, ತಟ್ಟೆಯಲ್ಲಿ ಬಿಟ್ಟದ್ದಕ್ಕೊಂದು, ಅಡುಗೆಮನೆಯಲ್ಲೇ ಉಳಿದದ್ದಕ್ಕೊಂದು. ರಾತ್ರಿ ಬಾಗಿಲು ಹಾಕುವ ಮುನ್ನ ತರಕಾರಿ ತೂಗುವ ತಕ್ಕಡಿಯಲ್ಲೇ ತೂಗಿ, ಬರೆದಿಡಿ. ಆ ತಿಂಗಳ ತಟ್ಟೆ ಲೋಟದ ಬಿಲ್ಲುಗಳನ್ನು ಪಕ್ಕದಲ್ಲಿ ಕೂಡಿಸಿ. ಅದನ್ನು ಹಿಡಿದುಕೊಂಡು ನಿಮ್ಮ ಬೀದಿಯ ಐದಾರು ಜನ ಒಂದೆಡೆ ಕೂತು ಮಾತಾಡಿ. ಒಡಿಶಾ, ಬಂಗಾಳ, ಬಿಹಾರದಿಂದ ಬಂದು ಪಕ್ಕದಲ್ಲೇ ಮೆಸ್ ನಡೆಸುವವರನ್ನೂ ಕರೆಯಿರಿ, ಅವರ ಡ್ರಮ್ಮೂ ಅದೇ ಲಾರಿಗೇ ಹೋಗುವುದು. ತೊಳೆಯುವ ಶೆಡ್‌ಗೆ ಜಾಗ ಕೇಳಿ ಅರ್ಜಿ ಬರೆಯುವುದಾದರೆ ನಿಮ್ಮಲ್ಲಿ ದಿನವೂ ಉಣ್ಣುವ ನಾವು ಸಹಿ ಹಾಕುತ್ತೇವೆ. ಅರ್ಜಿ ಕೊಡುವ ದಿನ ಜೊತೆಗೂ ಬರುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಕಾಡುಗೋಡಿ ಕಡೆಯ ಒಬ್ಬ ಹಳೇ ಗಿರಾಕಿ